ಮುಳ್ಳೇರಿಯದ ಬೊಳ್ಳು, ಮತ್ತೆ ನಾವು ಸರಿಯಾಗಿ ನೋಡದ ಕಾಸರಗೋಡು

ಬೇಕಲ್ ಕೋಟೆ ಫೋಟೋ ಹಾಕು ಅಂತ ಎಲ್ರೂ ಕೇಳ್ತಿದಾರೆ, ಇದಾವೆ, ಹಾಕ್ತೀನಿ. ಕೆಳದಿ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ್ದು, 40 ಎಕರೆ ಜಾಗ, ನೆರಳು ಅನ್ನೋದು ಇಲ್ವೇ ಇಲ್ಲ ಅನ್ನಬಹುದು, ಮಧ್ಯಾಹ್ನ ಹೋದ್ರೆ ತಲೆ ಸಿಡಿಯುತ್ತೆ, ನಾಲ್ಕು ಗಂಟೆ ಮೇಲೆ ಹೋಗಿ. ಕೋಟೆ ಬಗ್ಗೆ ನನ್ನಿಂದ ಇಷ್ಟೇ. ಯಾಕಂದ್ರೆ ಬುರುಜಿನ ಮೇಲೆ ನಿಂತು ಸಮುದ್ರ ನೋಡ್ಬೇಕಾದ ಹೊತ್ತಲ್ಲಿ ನಾನು ನಾವು ಉಳ್ಕೊಂಡಿದ್ದ ಹೋಂಸ್ಟೇಯ ಭಟ್ರ ನಂಬರಿಗೆ ಫೋನ್ ಮೇಲೆ ಫೋನ್ ಮಾಡ್ತಾ ಇದ್ದೆ, ಅವ್ರ ನಾಯಿ ಬೊಳ್ಳು ಮನೆ ಸೇರ್ತಾ, ಇಲ್ವಾ ಅಂತ ಕೇಳೋಕೆ. ಅವ್ರ ತೋಟದಲ್ಲಿ ರೇಂಜ್ ಬರಲ್ಲ, ಅದು ಗೊತ್ತಿದ್ದೂ ಮಾಡ್ತಾ ಇದ್ದೆ. "ಅವ್ರ ನಾಯಿ ಅವ್ರು ನೋಡ್ಕೋತಾರೆ, ನೀನು ರಜ ಹಾಕಿ ಬಂದಿರೋದು ಯಾಕೆ" ಅಂತ ನಮ್ಮನೆಯವ್ರು ಗೊಣಗಿ ಗೊಣಗಿ ಕೊನೆಗೆ ಎಳನೀರು ಕುಡಿಯೋಕೆ ಒಬ್ರೇ ಹೋದ್ರು.

ನಾವು ಉಳ್ಕೊಂಡಿದ್ದು ಮುಳ್ಳೇರಿಯದಿಂದ ಒಳಗೆ ಒಂದು ಅಡಿಕೆ ತೋಟದ ಮನೇಲಿ. ಕಾಸರಗೋಡಿಂದ ಚೆರ್ಕಳ ಮೇಲೆ ಬಸ್ಸು, ಬಸ್ಸಿಳಿದು ಗುಡ್ಡ ಇಳಿದ್ರೆ ತೋಟ. ಸಂಜೆ ಕತ್ತಲಾದ್ಮೇಲೆ ಒಳಗಿನ ರಸ್ತೆಗೆ ಜೀಪು, ಆಟೋ ಸಿಗೋದು ಕಷ್ಟ, ಮೊದ್ಲೇ ಹೇಳಿಟ್ಕೊಳ್ಳಿ. ಹೋದಾಗ ಅಡಿಕೆ ಕೊಯ್ಲಿನ ಕಾಲ, ಅಂಗಳದ ತುಂಬ ಅಡಿಕೆ ಹರವಿದ್ರು. ಆ ಕಡೆ ಹಣ್ಣಡಿಕೆನ ಸಿಪ್ಪೆ ಸಮೇತ ನಲವತ್ತು ದಿನದ ಮೇಲೆ ಬಿಸಿಲಲ್ಲಿ ಒಣಗಿಸಿ ಆಮೇಲೆ ಸುಲಿದು ಚಾಲಿ ಮಾಡ್ತಾರೆ, ನಮ್ಮ ಕಡೆ ಹಸಿ ಅಡಿಕೆನೇ ಸುಲಿದು ಬೇಯಿಸೋ ಹಾಗಲ್ಲ. ಹಾಗಾಗಿ ಅಂಗಳ ಅಂದ್ರೆ ಅವ್ರಿಗೆ ಬ್ಯಾಂಕು, ಅಲ್ಲಿ ಯಾರೂ ಕಾಲಿಡೋ ಹಾಗಿಲ್ಲ. ಬೊಳ್ಳು ಬಿಟ್ಟು.

ಬೊಳ್ಳು ಬಿಳೀ ಊರ್ನಾಯಿ, ಒಂದು ಕಿವಿ ನೆಟ್ಟಗೆ, ಒಂದು ಜೋತು. ನಾವು ಜಗಲೀಲಿ ಕೂತು ಬೆಲ್ಲ ನೀರು ಕುಡೀತಾ ಇದ್ವಿ, ಅಂಗಳದಿಂದ ಒಂದು ಅಡಿಕೆ ಕಚ್ಕೊಂಡು ಬಂದು ನನ್ನ ಬಲಗಾಲ ಮೇಲೆ ಇಡ್ತು. ಇಟ್ಟು ಎರಡು ಹೆಜ್ಜೆ ಹಿಂದೆ ಹೋಗಿ ಒಂದೇ ಸಲ ಬೊಗಳಿ ಮುಖ ನೋಡ್ತು. ನಾನು ಸುಮ್ನಿದ್ದೆ. ಅದೇ ಅಡಿಕೆ ಎತ್ಕೊಂಡು ಈಗ ಎಡಗಾಲ ಮೇಲೆ. ಮತ್ತೆ ಎರಡು ಹೆಜ್ಜೆ, ಒಂದು ಬೊಗಳು. ನಾನು ನಕ್ಕೆ ಅಷ್ಟೇ, ಸಾಕಾಯ್ತು ಅದಕ್ಕೆ, ಇನ್ನೊಂದು ಅಡಿಕೆ ತರೋಕೆ ಓಡ್ತು. ಊಟದ ಹೊತ್ತಿಗೆ ನನ್ನ ಕುರ್ಚಿ ಕೆಳಗೆ ಬೊಗಸೆ ಅಡಿಕೆ. ಬಾತ್‌ರೂಮಿಗೆ ಹೋದ್ರೆ ಬಾಗಿಲು ಕೆರೆಯೋದು, ನಾವಿಬ್ರು ಮಾತಾಡಿದ್ರೆ ಮಧ್ಯ ಬಂದು ಕೂತು ಇಬ್ರ ಮುಖಾನೂ ನೋಡೋದು, ಫೋನ್ ಹಿಡಿದ್ರಂತೂ ಮೂತೀಲಿ ಕೈ ಎತ್ತಿ ಬಿಸಾಡೋದು.

ಭಟ್ರು ಬಂದು ಅಡಿಕೆ ರಾಶಿ ನೋಡಿ ಉಸಿರು ಬಿಟ್ರು. ಆಮೇಲೆ ಅದನ್ನ ಹಿಡಿದು ಕೊಟ್ಟಿಗೆ ಕಂಬಕ್ಕೆ ಕಟ್ಟಿದ್ರು. ಅದು ಸಂಜೆವರೆಗೂ ಕೂಗ್ತು, ಬೊಗಳೋದಲ್ಲ, ಸಣ್ಣ ಸ್ವರದಲ್ಲಿ ನಿಲ್ಲಿಸದೇ ಕುಂಯ್ ಕುಂಯ್. ನಂಗೆ ತಡೀಲಿಲ್ಲ. ರಾತ್ರಿ ಊಟಕ್ಕೆ ಕೂತಾಗ (ಮೇಲಾರ, ಹಲಸಿನ ಹಪ್ಪಳ, ಒಂದೆಲಗದ ತಂಬುಳಿ, ಆ ತಂಬುಳಿಗೋಸ್ಕರನೇ ಇನ್ನೊಂದ್ಸಲ ಹೋಗ್ಬಹುದು) ಕೇಳೇ ಬಿಟ್ಟೆ, ಯಾಕೆ ಭಟ್ರೆ ಹಗಲೆಲ್ಲ ಕಟ್ಟಿ ಹಾಕ್ತೀರಿ ಅಂತ.

"ಮತ್ತೆಂತ ಮಾಡುವುದು ಹೇಳಿ. ಹೋಂಸ್ಟೇ ಸುರು ಮಾಡುವ ಮೊದಲು ಇದು ಒಳ್ಳೆ ನಾಯಿ ಆಗಿತ್ತು. ತೋಟದಲ್ಲಿ ಎಲ್ಲಿದ್ದರೂ ಒಂದು ಕೂಕುಳು ಹಾಕಿದರೆ ಬರ್ತಿತ್ತು, ಉಳಿದ ಹೊತ್ತು ಅದರಷ್ಟಕ್ಕೆ ಅದು. ಈಗ ಕಾರಿನ ಶಬ್ದ ಕೇಳಿದರೆ ಸಾಕು."

"ಪಾಪ, ಜನ ಅಂದ್ರೆ ಇಷ್ಟ ಅದಕ್ಕೆ."

"ಜನ ಅಲ್ಲ, ಬಿಸ್ಕತ್ತು. ಶನಿವಾರ ಬಂದವರು ಮಡಿಲಲ್ಲಿ ಕೂರಿಸಿ ಬಿಸ್ಕತ್ತು ಕೊಡುವುದು, ಫೋಟೋ ತೆಗೆಯುವುದು, ಆದಿತ್ಯವಾರ ಮಧ್ಯಾಹ್ನ ಟಾಟಾ. ಸೋಮವಾರ ಇದು ಗೇಟಿನ ಹತ್ತಿರ ಹೋಗಿ ಮಲಗ್ತದೆ, ಅನ್ನ ಮುಟ್ಟುವುದಿಲ್ಲ. ಮಂಗಳವಾರ ಬರುವವರಿಗೆ ನಾಯಿ ಹೆದರಿಕೆ, ಅವರು ಕೋಲು ತೋರಿಸ್ತಾರೆ. ಅದಕ್ಕೆ ಎಂತ ಅರ್ಥ ಆಗಬೇಕು?"

ನಂಗೆ ಉತ್ತರ ಹೊಳೀಲಿಲ್ಲ, ಆದ್ರೆ ಕಟ್ಟೋದನ್ನ ಒಪ್ಪೋಕೂ ಆಗ್ಲಿಲ್ಲ. ನನ್ನ ಚಿಕ್ಕಪ್ಪನ ಮಗ ಹಾಸನದಲ್ಲಿ ಪಶುವೈದ್ಯ, ಜಗಲಿ ಮೂಲೇಲಿ ಒಂದು ಕಡ್ಡಿ ರೇಂಜ್ ಸಿಕ್ಕಾಗ ಅವನಿಗೆ ಮಾಡ್ದೆ. ಅವನು ಹೇಳಿದ್ದು ಭಟ್ರ ಮಾತಿಗೇ ಹತ್ರ. ಒಂದ್ಸಲ ಕೊಟ್ಟು ಒಂದ್ಸಲ ಕೊಡದೇ ಇದ್ರೆ ಚಟ ಇನ್ನೂ ಗಟ್ಟಿಯಾಗುತ್ತಂತೆ, ಯಾವಾಗ ಸಿಗುತ್ತೋ ಗೊತ್ತಿಲ್ಲ ಅಂತ ಬಿಡದೇ ಕೇಳ್ತಾ ಇರುತ್ತೆ. ಗಮನ ಕೊಡೋದು ನಿಲ್ಲಿಸಿದ್ರೆ ಮೊದ್ಲು ಹಾವಳಿ ಜಾಸ್ತಿ ಆಗುತ್ತೆ, ಆಮೇಲೇ ಇಳಿಯೋದು. ಆ ಜಾಸ್ತಿ ಆಗೋ ಘಟ್ಟದಲ್ಲಿ ಸೋತು ಮುದ್ದು ಮಾಡಿದ್ರೆ ಇಷ್ಟು ಕೂಗಿದ್ರೆ ಸಿಗುತ್ತೆ ಅಂತ ಕಲೀತು ಅಂತ್ಲೇ ಲೆಕ್ಕ. ಹಂಗಾಗಿ ಬಂದು ಹೋಗೋರು ಇದನ್ನ ಸರಿ ಮಾಡೋಕಾಗಲ್ಲ, ಮನೆಯವ್ರೇ ಅದು ಸುಮ್ನೆ ಮಲಗಿದ್ದಾಗ ಹೋಗಿ ಮಾತಾಡಿಸ್ಬೇಕು, ದಿನಾ ಒಂದು ಹೊತ್ತು ಓಡಾಡಿಸ್ಬೇಕು, ಬರೀ ಕಟ್ಟಿದ್ರೆ ಬಿಚ್ಚಿದಾಗ ಎರಡು ಪಟ್ಟು. ಇದನ್ನ ಭಟ್ರಿಗೆ ಹೇಳಿದ್ರೆ "ಕೊಯ್ಲಿನ ಸಮಯದಲ್ಲಿ ನನ್ನನ್ನು ಯಾರು ಓಡಾಡಿಸುವುದು" ಅಂದ್ರು. ಅಲ್ಲಿಗೆ ಮಾತು ಮುಗೀತು. ಇಬ್ರೂ ಸರಿ ಅಂತ ಈಗ್ಲೂ ಅನ್ಸಲ್ಲ ನಂಗೆ, ನಾನು ಸ್ವಲ್ಪ ಜಾಸ್ತಿ ಸರಿ.

ಬೇಕಲ್‌ಗೆ ಹೊರಟ ದಿನ ಭಟ್ರು ತೋಟದಲ್ಲಿದ್ರು, ಬೊಳ್ಳು ಹಗ್ಗ ಕಡ್ಕೊಂಡು ನಮ್ಮ ಹಿಂದೆ ರಸ್ತೆವರೆಗೂ ಬಂತು. ಅದು ಚೆರ್ಕಳ ಜಾಲ್ಸೂರು ರಸ್ತೆ, ಸುಳ್ಯದ ಕಡೆ ಹೋಗೋ ಲಾರಿಗಳು ಒಂದರ ಹಿಂದೆ ಒಂದು. ವಾಪಸ್ ಬಿಟ್ಟು ಬರೋಣ ಅನ್ನೋಷ್ಟರಲ್ಲಿ ಬಸ್ಸು ಬಂತು, ಕಂಡಕ್ಟರ್ ಹತ್ತಿ ಹತ್ತಿ ಅಂತ ಅವಸರ, ಹತ್ತಿದ್ವಿ, ಹಿಂದಿನ ಗಾಜಲ್ಲಿ ನೋಡಿದ್ರೆ ಬೊಳ್ಳು ರಸ್ತೆ ಮಧ್ಯ ಓಡಿ ಬರ್ತಾ ಇದೆ. ತಿರುವು ಬಂತು, ಕಾಣ್ಲಿಲ್ಲ. ಆಮೇಲಿನ ಬೇಕಲ್ ಹೆಂಗಿತ್ತು ಅಂತ ಹೇಳಿದೀನಲ್ಲ.

ಸಂಜೆ ಇಳಿದ್ರೆ ಬಸ್‌ಸ್ಟಾಪಿನ ಗೂಡಂಗಡಿ ಬೆಂಚಿನ ಕಾಲಿಗೆ ಪ್ಲಾಸ್ಟಿಕ್ ಹಗ್ಗದಲ್ಲಿ ಕಟ್ಟಿದಾರೆ! ಅಂಗಡಿಯವ್ರು ನಮ್ಮನ್ನ ನೋಡಿದ್ದೇ "ನಿಮ್ಮದಾ? ಮೂರು ಬನ್ ತಿಂದಿದೆ" ಅಂದ್ರು. ದುಡ್ಡು ಕೊಟ್ವಿ. ಲಾರಿ ಹತ್ರ ಹೋಗ್ತಿತ್ತು, ಓಡಿ ಹೋಗಿ ಹಿಡ್ಕೊಂಡು ಬಂದ್ರಂತೆ. ಬಿಚ್ಚಿದ ತಕ್ಷಣ ಅದು ಹಾರಿದ್ದು ನನ್ನ ಮೇಲಲ್ಲ, ನಾಯಿ ಕಂಡ್ರೆ ಮಾರು ದೂರ ಹೋಗೋ ನಮ್ಮನೆಯವ್ರ ಮೇಲೆ. ಮೊಣಕಾಲ ಕೆಳಗೆ ಉದ್ದಕ್ಕೆ ಉಗುರಿನ ಗೀರು.

ಇಲ್ಲೊಂದು ಮಾತು ಹೇಳ್ಬೇಕು, ಯಾಕಂದ್ರೆ ಇದು ಇನ್ನೂ ಹೊಟ್ಟೆ ಉರಿ. ಮಾರನೇ ದಿನ ಹೋದ ಒಂದು ಪ್ರೈವೇಟ್ ಕ್ಲಿನಿಕ್‌ನಲ್ಲಿ ಒಂದು ಗಂಟೆ ಕಾಯಿಸಿ, ಫೀಸ್ ತಗೊಂಡು, ರಕ್ತ ಬಂದಿಲ್ಲ ಏನೂ ಬೇಡ ಅಂತ ಒಂದು ಮುಲಾಮು ಬರ್ಕೊಟ್ರು. ನಂಬಬೇಡಿ. ರಕ್ತ ಬರದ ಸಣ್ಣ ಗೀರಿಗೂ ರೇಬೀಸ್ ಲಸಿಕೆ ಬೇಕು, ರಕ್ತ ಬಂದಿದ್ರೆ ಲಸಿಕೆ ಜೊತೆ ಇಮ್ಯುನೋಗ್ಲೋಬ್ಯುಲಿನ್ ಕೂಡ. ಮೊದ್ಲು ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೀಬೇಕು, ಅರಿಶಿನ ಕಾಫಿಪುಡಿ ಎಲ್ಲ ಬೇಡ. ಕಾಸರಗೋಡು ಜನರಲ್ ಆಸ್ಪತ್ರೇಲಿ ಏನೂ ಮಾತಿಲ್ಲದೇ ಚುಚ್ಚಿದ್ರು, ಚರ್ಮದೊಳಗೆ ಕೊಡೋದಾದ್ರೆ ಅವತ್ತು, ಮೂರನೇ ದಿನ, ಏಳನೇ ದಿನ, 28ನೇ ದಿನ, ಉಳಿದದ್ದು ಊರಲ್ಲಿ ಹಾಕಿಸ್ಕೋಬಹುದು, ಚೀಟಿ ಮಾತ್ರ ಕಳ್ಕೋಬೇಡಿ. ಭಟ್ರನ್ನ ಬೊಳ್ಳೂಗೆ ಲಸಿಕೆ ಆಗಿದ್ಯಾ ಅಂದ್ರೆ "ಆಗಿದೆ, ಚೀಟಿ ಎಲ್ಲಿಟ್ಟಿದ್ದೇನೋ" ಅಂದ್ರು. ಕೇರಳದಲ್ಲಿ ಸಾಕುನಾಯಿಗೆ ಪಂಚಾಯತ್ ಲೈಸೆನ್ಸ್ ಬೇಕು, ಅದಕ್ಕೆ ಲಸಿಕೆ ಸರ್ಟಿಫಿಕೇಟೂ ಬೇಕು, ಬುಕ್ ಮಾಡುವಾಗಲೇ ಕೇಳಿ, ನಾಚ್ಕೋಬೇಡಿ.

ಅಷ್ಟೆಲ್ಲ ಆದ್ರೂ ನಿಜವಾದ ಚಿಂತೆ ರಾತ್ರೀದು. ಮುಳಿಯಾರು, ಕಾರಡ್ಕ ಕಡೆ ಚಿರತೆ ತಿರುಗ್ತಾ ಇದೆ, ಮನೆ ನಾಯಿಗಳನ್ನೇ ಎತ್ಕೊಂಡು ಹೋಗುತ್ತೆ ಅಂತ ಬಸ್ಸಲ್ಲಿ, ಅಂಗಡೀಲಿ ಎಲ್ಲಾ ಕಡೆ ಅದೇ ಮಾತು. ಕಾಡುಹಂದಿ ಓಡಿಸೋಕೆ ಅಂತ ಬೊಳ್ಳೂನ ರಾತ್ರಿ ಬಿಟ್ಟಿರ್ತಾರೆ, ಅದು ತೋಟಕ್ಕೂ ಹೋಗದೇ ಗೂಡಿಗೂ ಹೋಗದೇ ನಮ್ಮ ರೂಮಿನ ಬಾಗಿಲಲ್ಲಿ ಮಲಗಿ ಕುಂಯ್‌ಗುಡುತ್ತೆ. ಬಾಗಿಲು ತೆಗೀಬೇಡಿ, ಒಂದು ಸಲ ತೆಗೆದ್ರೆ ಮುಂದಿನವರಿಗೆ ನಿದ್ದೆ ಇಲ್ಲ ಅಂತ ಭಟ್ರು ಮೊದ್ಲೇ ಹೇಳಿದ್ರು. ತೆಗೆದ್ರೆ ಚಟ, ತೆಗೀದಿದ್ರೆ ಚಿರತೆ. ಅವತ್ತು ರಾತ್ರಿ ಎಷ್ಟೋ ಹೊತ್ತಿಗೆ ಕುಂಯ್ ನಿಂತೇ ಹೋಯ್ತು. ಕೂಗ್ತಿದ್ದಾಗ ಬಂದ ನಿದ್ದೆ ನಿಂತ ಮೇಲೆ ಹಾರಿ ಹೋಯ್ತು. ಟಾರ್ಚ್ ಹಿಡಿದು ಜಗಲಿಗೆ ಬಂದೆ, ಇಲ್ಲ. ಗೂಡಲ್ಲಿ ಇಲ್ಲ. ಅಂಗಳದ ಅಡಿಕೆ ಮೇಲೆ ಬೆಳಕು ಬಿಟ್ರೂ ಇಲ್ಲ. ಬಚ್ಚಲ ಕೊಟ್ಟಿಗೆ ಕಡೆ ಸಣ್ಣ ಸದ್ದು, ಹೋಗಿ ನೋಡಿದ್ರೆ ಹಂಡೆ ಒಲೆ ಮುಂದೆ ಬೆಚ್ಚಗಿನ ಬೂದೀಲಿ ಬೊಳ್ಳು ಕಾಲು ಚಾಚಿ ಬಿದ್ದಿದೆ, ಭಟ್ರ ಅಮ್ಮ ಬಾಗಿಲಿಗೆ ಅಗುಳಿ ಹಾಕೋಕೆ ನಿಂತಿದಾರೆ. ಹಗಲೆಲ್ಲ "ದರಿದ್ರ ನಾಯಿ" ಅಂತ ಹಿಡಿಸೂಡಿ ತೋರ್ಸೋ ಅಜ್ಜಿ. ನನ್ನನ್ನ ನೋಡಿ "ಮಗಂಗೆ ಹೇಳೆಡಿ" (ಮಗನಿಗೆ ಹೇಳ್ಬೇಡಿ) ಅಂದ್ರು, ಚಿಲಕ ಹಾಕಿ ಒಳಗೆ ಹೋದ್ರು.

ಆಮೇಲಿಂದ ನಿದ್ದೆ ಚೆನ್ನಾಗಿ ಬಂತು. ಸುರಂಗ ನೋಡಿದ್ವಿ, ಮುರಕಲ್ಲಿನ ಗುಡ್ಡಕ್ಕೆ ಅಡ್ಡ ಕೊರೆದು ನೀರು ತಾನಾಗೇ ಹರಿದು ಬರೋ ಹಾಗೆ ಮಾಡಿದ್ದು, ಪಂಪೂ ಇಲ್ಲ ಕರೆಂಟೂ ಇಲ್ಲ, ನಂಗೆ ಬೇಕಲ್‌ಗಿಂತ ಇದೇ ದೊಡ್ಡದು. ಅನಂತಪುರ ಕೆರೆ ದೇವಸ್ಥಾನಕ್ಕೂ ಹೋದ್ವಿ. 2022ರಲ್ಲಿ ಆ ಕೆರೆಯ ಮೊಸಳೆ ಬಬಿಯ ತೀರಿಕೊಂಡ ಮೇಲೆ ಮರುವರ್ಷ ಇನ್ನೊಂದು ಮೊಸಳೆ ಕಾಣಿಸ್ಕೊಂಡಿದೆ, ನಮಗೆ ದರ್ಶನ ಕೊಡ್ಲಿಲ್ಲ. ಜನ ಕೆರೆ ಸುತ್ತ ಕಾದು ನಿಂತಿದ್ರು, ಅದು ಯಾರಿಗೂ ಕ್ಯಾರೇ ಅನ್ಲಿಲ್ಲ, ನಮ್ಮನೆಯವ್ರಿಗೆ ಮೊಸಳೆ ಮೇಲೆ ಗೌರವ ಹುಟ್ಟಿದ್ದು ಅಲ್ಲೇ. ಮಧೂರು ದೇವಸ್ಥಾನದಿಂದ ಊರಿಗೆ ಅಂತ ತಂದಿಟ್ಟ ಪ್ರಸಾದದ ಅಪ್ಪ (ಸಿಹಿ ಕಜ್ಜಾಯ) ಊರಿಗೆ ಬರ್ಲಿಲ್ಲ, ಎಲ್ಲಿ ಹೋಯ್ತು ಅಂತ ಹೇಳ್ಬೇಕಾಗಿಲ್ಲ.

ಹೋದ ವಾರ ಭಟ್ರಿಗೆ ಬೊಳ್ಳು ಹೆಂಗಿದೆ ಅಂತ ವಾಟ್ಸಾಪ್ ಮಾಡಿದ್ದೆ. ಎರಡು ದಿನ ಬಿಟ್ಟು ಹೊಸ ಕಬ್ಬಿಣದ ಗೇಟಿನ ಫೋಟೋ ಬಂತು. "ರಸ್ತೆಗೆ ಹೋಗದ ಹಾಗೆ ಹಾಕಿಸಿದೆ. ಈಗ ಹಗಲು ಕಟ್ಟುವುದಿಲ್ಲ. ಅಡಿಕೆಗೆ ಬಲೆ ಹಾಕಿದ್ದೇನೆ. ಗೇಟಿಗೆ ಎಂಟು ಸಾವಿರ ಆಯ್ತು, ಮುಂದಿನ ಸಲ ಬರುವಾಗ ಬಿಸ್ಕತ್ತು ತರಬೇಡಿ."