‘ಮನಸ್ಸು ಗಟ್ಟಿ ಮಾಡ್ಕೊಳೋದು ಹೇಗೆ?’ ಅಂದವರಿಗೆ

ಶಿವಮೊಗ್ಗದಲ್ಲಿ ಆಪ್ತಸಮಾಲೋಚಕಿಯಾಗಿರುವ ನನಗೆ ಮದುವೆಮನೆಯ ಪಂಕ್ತಿಯಲ್ಲೂ ಎದುರಾಗುವ ಪ್ರಶ್ನೆ ಇದು. ಕೇಳುವವರ ಹತ್ತಿರ ಒಂದು ಉದಾಹರಣೆಯೂ ತಯಾರಿರುತ್ತದೆ. “ನಮ್ಮ ಅತ್ತಿಗೆ ನೋಡಿ ಮೇಡಂ, ಗಂಡ ತೀರಿಕೊಂಡು ಹದಿನೈದು ದಿನಕ್ಕೇ ಅಡಿಕೆ ಸುಲಿಯೋಕೆ ಕೂತ್ರು. ಒಂದು ಹನಿ ಕಣ್ಣೀರು ಹಾಕ್ಲಿಲ್ಲ.”

ಇದಕ್ಕೆ ಪುಸ್ತಕದವರು ‘ಸ್ಥಿತಿಸ್ಥಾಪಕತ್ವ’ ಅನ್ನುತ್ತಾರೆ. ರಬ್ಬರಿಗೆ ಸರಿ ಆ ಪದ, ಎಳೆದು ಬಿಟ್ಟರೆ ಮೊದಲಿನಂತಾಗುತ್ತದೆ. ಮನುಷ್ಯರು ಹಾಗಲ್ಲವಲ್ಲ. ಮನೋವಿಶ್ಲೇಷಕರು ಕಣ್ಣೀರು ಬರಲಿಲ್ಲ ಎಂದರೆ ಮೆಚ್ಚುವ ಮೊದಲು ಆ ನೋವು ಎಲ್ಲಿ ಹೋಯಿತು ಎಂದು ಹುಡುಕುತ್ತಾರೆ. ಬ್ರಿಟನ್ನಿನ ಡೊನಾಲ್ಡ್ ವಿನ್ನಿಕಾಟ್ 1960ರಲ್ಲಿ ‘ಹುಸಿ ಸ್ವ’ದ ಬಗ್ಗೆ ಬರೆದರು: ಸುತ್ತಲಿನವರಿಗೆ ಬೇಕಾದ ಹಾಗೆ ಇದ್ದೂ ಇದ್ದೂ ತನ್ನದೇ ಮಿಡಿತ ಮರೆಗೆ ಸರಿದುಬಿಡುತ್ತದೆ. ಹೊರಗಿನಿಂದ ನೋಡಿದರೆ ಅಂಥವರು ಬಲು ಸಮರ್ಥರು. (ಆ ಅತ್ತಿಗೆ ಅಂಥವರೇ ಅಂತಲ್ಲ. ಪಂಕ್ತಿಯಲ್ಲಿ ಕೂತು ಅದನ್ನೆಲ್ಲ ಹೇಳಲಿಕ್ಕಾಗುವುದಿಲ್ಲ.)

ನಮ್ಮ ಅಮ್ಮಮ್ಮನ ಮನೆ 1964ರಲ್ಲಿ ಲಿಂಗನಮಕ್ಕಿ ಹಿನ್ನೀರಿಗೆ ಹೋಯಿತು. “ಹೋದ್ದು ಹೋತು” ಅಂದವಳೇ ಹೊಸ ಊರಲ್ಲಿ ತೋಟ ಎಬ್ಬಿಸಿದಳು. ಎಲ್ಲರ ಬಾಯಲ್ಲೂ ಗಟ್ಟಿಗಿತ್ತಿ. ಅಕ್ಕಿ ಅಳೆಯಲು ಮಾತ್ರ ಹಳೇ ಮನೆಯಿಂದ ತಂದ, ಅಂಚು ಸವೆದ ಸಿದ್ದೆಯೇ ಆಗಬೇಕು. ಸೊಸೆ ಸ್ಟೀಲ್ ಲೋಟದಲ್ಲಿ ಅಳೆದರೆ ಮಾತಾಡದೆ ವಾಪಸ್ ಸುರಿದು ಮತ್ತೆ ಅಳೆಯುತ್ತಿದ್ದಳು. ಒಂದು ಬೇಸಿಗೆ ನೀರಿಳಿದು, ಅದೇ ಹಿನ್ನೀರಲ್ಲಿ ಮುಳುಗಿದ್ದ ಮಡೆನೂರಿನ ಹಳೇ ಅಣೆಕಟ್ಟು ಕಾಣ್ತಿದೆಯಂತೆ ಎಂಬ ಸುದ್ದಿ ಬಂತು. ಪಕ್ಕದ ಮನೆ ಅಜ್ಜಿ, ಅವರದ್ದೂ ಮುಳುಗಿದ ಊರೇ, ಬಂದು ಜಗಲಿಯಲ್ಲಿ ಕೂತರು. ಬಾವಿ ಯಾವ ಕಡೆ ಇತ್ತು, ಹಲಸಿನ ಮರ ಯಾರ ಬೇಲಿಯೊಳಗಿತ್ತು ಎಂದು ಕವಳ ಜಗಿಯುತ್ತ ಇಬ್ಬರೂ ಜಗಳಕ್ಕೇ ಬಿದ್ದರು. ಆ ಸಂಜೆ ಅಮ್ಮಮ್ಮ ಅತ್ತಳು. ತೋಟ ನೋಡಿದವರು ಅದನ್ನು ಚೇತರಿಕೆ ಅಂದರು. ನನಗೆ ಆ ಜಗಳವೇ ಚೇತರಿಕೆ.

ಜೊತೆಗೊಬ್ಬರು ಇದ್ದರು ಎಂಬುದು ಸಣ್ಣ ವಿಷಯವಲ್ಲ. ನಾಜಿ ಶಿಬಿರದಿಂದ 1945ರಲ್ಲಿ ಇಂಗ್ಲೆಂಡಿಗೆ ಬಂದ ಆರು ಅನಾಥ ಮಕ್ಕಳ ಬಗ್ಗೆ ಮಕ್ಕಳ ಮನೋವಿಶ್ಲೇಷಕಿ ಆನಾ ಫ್ರಾಯ್ಡ್ ಮತ್ತು ಆ ಮಕ್ಕಳನ್ನು ನೋಡಿಕೊಂಡ ಸೋಫಿ ಡಾನ್ 1951ರಲ್ಲಿ ಬರೆದಿದ್ದಾರೆ. ಮೂರು-ನಾಲ್ಕು ವರ್ಷದವು. ಆಟಿಕೆ ಒಡೆದವು, ದೊಡ್ಡವರನ್ನು ಕಚ್ಚಿದವು. ಆದರೆ ಒಂದನ್ನೊಂದು ಬಿಟ್ಟಿರಲೊಲ್ಲವು. ತಿಂಡಿ ಬಂದರೆ ತನಗಿಂತ ಮೊದಲು ಪಕ್ಕದವರಿಗೆ ಸಿಕ್ಕಿತೇ ಎಂದು ನೋಡುತ್ತಿದ್ದವು.

ಹಾಗಾಗಿ ಪಂಕ್ತಿಯಲ್ಲಿ ಕೇಳಿದವರಿಗೆ ಈಚೆಗೆ ಇಷ್ಟೇ ಹೇಳುತ್ತೇನೆ: ನಿಮ್ಮ ಅತ್ತಿಗೆ ಅಡಿಕೆ ಸುಲಿಯುವಾಗ ನೀವೂ ಒಂದು ಮೆಟ್ಟುಗತ್ತಿ ತಗೊಂಡು ಪಕ್ಕದಲ್ಲಿ ಕೂತ್ಕೊಳ್ಳಿ. ಅಣ್ಣನ ಸುದ್ದಿ ತೆಗೆದರೆ ಮಾತು ಬದಲಾಯಿಸಬೇಡಿ.