ಎರಡು ಟನ್ ಟೈಲ್ಸ್ ಹೊತ್ತ ದಿನ

ಟೈಲ್ಸ್ ಹಾಕುವ ನಮ್ಮ ಕೆಲಸಕ್ಕೆ ದಾವಣಗೆರೆಯಲ್ಲಿ ಕೂಲಿಯನ್ನು ಚದರಡಿ ಲೆಕ್ಕದಲ್ಲಿ ಮಾತಾಡುವುದು ರೂಢಿ. ಕಳೆದ ಏಪ್ರಿಲ್‌ನಲ್ಲಿ ವಿದ್ಯಾನಗರದ ಕಡೆ ಒಂದು ಮನೆಯ ಎರಡನೇ ಮಹಡಿಯ ಕೆಲಸವನ್ನು ಚದರಡಿಗೆ 24 ರೂಪಾಯಿಯಂತೆ ಒಪ್ಪಿಕೊಂಡಿದ್ದೆ. ನೆಲ 1,100 ಚದರಡಿ, ಒಟ್ಟು ಕೂಲಿ 26,400 ರೂಪಾಯಿ.

ಮೊದಲ ದಿನ ಬೆಳಿಗ್ಗೆ ನಾನೂ ಸಹಾಯಕ ಹುಡುಗನೂ ಹೋಗುವಷ್ಟರಲ್ಲಿ ಲಾರಿಯವರು ಬಾಕ್ಸ್‌ಗಳನ್ನೆಲ್ಲ ಗೇಟಿನ ಒಳಗೆ ಇಳಿಸಿ ಹೊರಟುಹೋಗಿದ್ದರು. ಎರಡಡಿ ಚೌಕದ ಟೈಲ್ಸ್ ಬಾಕ್ಸಿಗೆ ನಾಲ್ಕು ಬರುತ್ತವೆ, ಅಂದರೆ 16 ಚದರಡಿ. ತೂಕ ಹೆಚ್ಚುಕಡಿಮೆ 28 ಕೆ.ಜಿ. ಒಡೆದದ್ದು, ಕತ್ತರಿಸಿದ್ದು ಸೇರಿ ತರಿಸಿದ್ದು 73 ಬಾಕ್ಸ್. ಎರಡು ಟನ್ನಿಗೂ ಮಿಗಿಲಾದ ಆ ಭಾರವನ್ನು ಯಾರು ಮೇಲೆ ಸಾಗಿಸಬೇಕು ಎಂಬ ಮಾತನ್ನು ನಾನಾಗಲಿ ಯಜಮಾನರಾಗಲಿ ಎತ್ತಿರಲಿಲ್ಲ. ಟವೆಲ್ಲನ್ನು ಸಿಂಬಿ ಸುತ್ತಿ ಹೆಗಲ ಮೇಲಿಟ್ಟುಕೊಂಡು, ಒಂದೊಂದೇ ಬಾಕ್ಸ್ ಹೊತ್ತು ಮೆಟ್ಟಿಲು ಹತ್ತಿದೆವು. ಏರುವಾಗ ತೊಡೆ ನಡುಗುತ್ತಿತ್ತು, ಇಳಿಯುವಾಗ ಮಂಡಿ ನೋಯುತ್ತಿತ್ತು. ಮಧ್ಯಾಹ್ನ ಬಿಸಿಲಿಗೆ ಕಾದ ತಾರಸಿಯ ಕೆಳಗೆ ಕೂತು ಬುತ್ತಿ ಬಿಚ್ಚಿದರೆ ತುತ್ತು ಹಿಡಿಯಲು ಬೆರಳುಗಳು ಮಡಚಲಿಲ್ಲ. ಅಂದು ಒಂದೇ ಒಂದು ಟೈಲ್ಸ್ ಕೂಡ ನೆಲದಲ್ಲಿ ಕೂರಿಸಲಿಲ್ಲವಾದ್ದರಿಂದ ಲೆಕ್ಕದ ಪ್ರಕಾರ ನಾವು ಕೆಲಸವನ್ನೇ ಮಾಡಿರಲಿಲ್ಲ.

ಮುಂದಿನ 11 ದಿನ ಕುಕ್ಕರಗಾಲಿನ ಕೆಲಸ. ಗಾರೆ ಹರಡಿ, ಸಿಮೆಂಟಿನ ಹಾಲು ಸುರಿದು, ಟೈಲ್ಸ್ ಕೂರಿಸಿ, ರಬ್ಬರ್ ಸುತ್ತಿಗೆಯಿಂದ ಮೂಲೆ ಮೂಲೆಗೂ ಮೆಲ್ಲನೆ ಬಡಿದು ಕಿವಿಗೊಡಬೇಕು. ಸದ್ದು ಗಟ್ಟಿಯಾಗಿ ಬಂದರೆ ಸರಿ. ಪೊಳ್ಳು ಸದ್ದು ಬಂದರೆ ಅಡಿಯಲ್ಲಿ ಗಾಳಿ ಉಳಿದಿದೆ ಎಂದು ಅರ್ಥ, ಮುಂದೆ ಭಾರ ಬಿದ್ದಾಗ ಅದು ಅಲ್ಲಿಯೇ ಸೀಳುತ್ತದೆ. ಅಂಥದ್ದನ್ನು ಎಬ್ಬಿಸಿ ಮತ್ತೆ ಕೂರಿಸುವುದಕ್ಕೂ ಬೇರೆ ಕೂಲಿಯಿಲ್ಲ, ಆದರೆ ಬಿಟ್ಟು ಬರಲು ಮನಸ್ಸು ಒಪ್ಪುವುದಿಲ್ಲ. ಸಿಮೆಂಟಿನ ಕ್ಷಾರ ಬೆರಳ ತುದಿಯ ಚರ್ಮವನ್ನು ತಿನ್ನುತ್ತಲೇ ಇರುತ್ತದೆ. ಅದೇ ವಾರ ನ್ಯಾಯಬೆಲೆ ಅಂಗಡಿಯಲ್ಲಿ ಹತ್ತು ಬೆರಳನ್ನೂ ಒಂದಾದ ಮೇಲೊಂದರಂತೆ ಇಟ್ಟರೂ ಯಂತ್ರ ನನ್ನನ್ನು ಗುರುತಿಸಲಿಲ್ಲ. ಗೆರೆಗಳೇ ಸವೆದುಹೋಗಿದ್ದವು. ಕೊನೆಗೆ ಹೆಂಡತಿ ಬಂದು ಹೆಬ್ಬೆಟ್ಟು ಒತ್ತಿ ಅಕ್ಕಿ ತಂದಳು.

ಕೊನೆಯ ದಿನ ಯಜಮಾನರು ಟೇಪು ಹಿಡಿದು ಅಳೆದರು. ನೆಲದ ಬಗ್ಗೆ ಅವರಿಗೆ ಸಮಾಧಾನವಿತ್ತು. ಹೊತ್ತ ಕೂಲಿಯ ಮಾತು ತೆಗೆದಾಗ, “ಹಂಗಂದ್ರೆ ಹೆಂಗೆ ಮೇಸ್ತ್ರಿ? ನಾವು ಮಾತಾಡಿದ್ದು ಚದರಡಿಗಲ್ವಾ?” ಎಂದರು. ಮೊದಲೇ ಕೇಳದಿದ್ದದ್ದು ನನ್ನ ತಪ್ಪೇ ಆದ್ದರಿಂದ ಮಾತು ಬೆಳೆಸಲಿಲ್ಲ. ಆದರೂ ಎರಡು ಟನ್ ಭಾರ ತಾನಾಗಿಯೇ ಮಹಡಿ ಏರಿತೆಂಬಂತೆ ಆಡಿದ ಆ ಮಾತು ಇಂದಿಗೂ ನೋಯಿಸುತ್ತದೆ.

ಹುಡುಗನಿಗೆ ದಿನಕ್ಕೆ 700ರಂತೆ 12 ದಿನಕ್ಕೆ 8,400 ಕೊಟ್ಟೆ. ಕಟ್ಟರ್ ಬ್ಲೇಡು, ಪೆಟ್ರೋಲು 1,500. ಉಳಿದ 16,500ನ್ನು ಹಂಚಿದರೆ ದಿನಕ್ಕೆ 1,375 ಬೀಳುತ್ತದೆ, ಕೇಳಿದವರು ಒಳ್ಳೆಯ ಸಂಪಾದನೆ ಎನ್ನುತ್ತಾರೆ. ಆದರೆ ಕೆಲಸ ಮುಗಿದ ಮರುದಿನದಿಂದ ಎಡ ಮಂಡಿ ಊದಿಕೊಂಡು ಐದು ದಿನ ಮನೆಯಲ್ಲೇ ಕೂತೆ. ಆ ದಿನಗಳನ್ನೂ ಸೇರಿಸಿದರೆ ದಿನಕ್ಕೆ 970. ಮಾತ್ರೆ, ಮುಲಾಮಿನ ಖರ್ಚು ಅದರಲ್ಲೇ ಹೋಗಬೇಕು. ಸರ್ಕಾರದ ನೆರವು ಪಡೆಯಲು ಬೇಕಾದ ಕಟ್ಟಡ ಕಾರ್ಮಿಕರ ಕಾರ್ಡಿಗೆ 12 ತಿಂಗಳಲ್ಲಿ 90 ದಿನ ದುಡಿದದ್ದಕ್ಕೆ ದೃಢೀಕರಣ ಬೇಕು. ಹನ್ನೆರಡು ದಿನಕ್ಕೊಂದು ಮನೆ ಬದಲಿಸುವ ನನ್ನಂಥವನಿಗೆ ಅದನ್ನು ಒಟ್ಟುಮಾಡುವುದೇ ಇನ್ನೊಂದು ದುಡಿಮೆ.

ಮೇ ತಿಂಗಳಲ್ಲಿ ನಿಟುವಳ್ಳಿಯಿಂದ ಒಂದು ಕೆಲಸ ಬಂತು. ದರ ಹೇಳುವ ಮೊದಲು ಮಗಳ ನೋಟ್‌ಬುಕ್ಕಿನ ಹಾಳೆ ಹರಿದುಕೊಂಡು, “ಮಹಡಿಗೆ ಸಾಗಿಸುವ ಕೂಲಿ, ಬಾಕ್ಸಿಗೆ 20 ರೂಪಾಯಿ” ಎಂದು ಮೊದಲ ಸಾಲಿನಲ್ಲೇ ಬರೆದು, ಅದರ ಕೆಳಗೆ ಚದರಡಿಯ ದರ ಬರೆದೆ. ಆ ಮನೆಯ ಅಮ್ಮ ಹಾಳೆಯನ್ನು ಎರಡು ಸಲ ಓದಿದರು. “ಎಷ್ಟನೇ ಮಹಡಿಗೆ ಅಂತಾನೂ ಬರೀರಿ” ಎಂದು ವಾಪಸ್ ಕೊಟ್ಟರು.