ಒಂದೇ ಪೆಟ್ಟಿಗೆಯಲ್ಲಿ ಎರಡು ಒಲೆ: ಕೊಡಗಿನ ಮನೆಗಳ ಕನ್ವೆಕ್ಷನ್ ಓವನ್ ಬಗ್ಗೆ ರಿಪೇರಿಯವರ ಅನುಭವ

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ ಕಡೆ ಓವನ್ ರಿಪೇರಿಗೆ ಓಡಾಡುವವರಿಗೆ ಬರುವ ದೂರುಗಳು ಹೆಚ್ಚಾಗಿ ಎರಡೇ ಬಗೆಯವು. ಮೋಡ್ ತಪ್ಪಿ ಒತ್ತಿದ್ದರಿಂದ ಆದವು ಒಂದು: ಕರಗಿದ ಡಬ್ಬ, ಒಳಗೋಡೆಯಲ್ಲಿ ಕಿಡಿ, ಬಿರುಕು ಬಿಟ್ಟ ಗಾಜಿನ ತಟ್ಟೆ. ಮಳೆ ಮತ್ತು ಕರೆಂಟಿನಿಂದ ಆದವು ಇನ್ನೊಂದು. ಇವೆರಡನ್ನೂ ಮನೆಯವರೇ ತಡೆಯಬಹುದು, ಅದಕ್ಕೇ ಈ ಬರಹ.

ಮೊದಲು ಮೋಡಿನ ವಿಷಯ. ಮೈಕ್ರೋವೇವ್ ಕನ್ವೆಕ್ಷನ್ ಓವನ್ ಅಂದರೆ ಒಂದೇ ಪೆಟ್ಟಿಗೆಯೊಳಗೆ ಎರಡು ಬೇರೆ ಒಲೆಗಳು. ಮೈಕ್ರೋ ಮೋಡಿನಲ್ಲಿ ಮ್ಯಾಗ್ನೆಟ್ರಾನ್ ಎಂಬ ಭಾಗ 2450 ಮೆಗಾಹರ್ಟ್ಸ್ ಅಲೆಗಳನ್ನು ಒಳಗೆ ಬಿಡುತ್ತದೆ. ಅವು ಊಟದಲ್ಲಿರುವ ನೀರನ್ನು ಬಿಸಿ ಮಾಡುತ್ತವೆ, ಪೆಟ್ಟಿಗೆಯ ಗೋಡೆ ಅಷ್ಟೇನೂ ಕಾಯುವುದಿಲ್ಲ. ಕನ್ವೆಕ್ಷನ್ ಮೋಡಿನಲ್ಲಿ ಅಲೆಗಳೇ ಇಲ್ಲ. ಹಿಂಬದಿಯ ಹೀಟರ್ ಕಾಯಿಲ್ ಕಾಯುತ್ತದೆ, ಫ್ಯಾನ್ ಆ ಗಾಳಿಯನ್ನು ಒಳಗೆಲ್ಲ ಸುತ್ತಿಸುತ್ತದೆ, ಇಡೀ ಪೆಟ್ಟಿಗೆ 200 ಡಿಗ್ರಿ ದಾಟಬಹುದು. ಹಾಗಾಗಿ ನಿಯಮಗಳು ಪೂರ್ತಿ ತಿರುಗುಮುರುಗು. ಮೈಕ್ರೋದಲ್ಲಿ ಲೋಹ ಬೇಡ, ಮೈಕ್ರೋವೇವ್ ಗುರುತಿರುವ ಪ್ಲಾಸ್ಟಿಕ್ ಆಗಬಹುದು. ಕನ್ವೆಕ್ಷನ್‌ನಲ್ಲಿ ಕೇಕಿನ ಲೋಹದ ಟಿನ್ ಆಗುತ್ತದೆ, ಪ್ಲಾಸ್ಟಿಕ್ ಯಾವುದೂ ಆಗದು. ಮೈಕ್ರೋವನ್ನು ಖಾಲಿ ಓಡಿಸಿದರೆ ಅಲೆಗಳಿಗೆ ಹೋಗಲು ಜಾಗವಿಲ್ಲದೆ ಮ್ಯಾಗ್ನೆಟ್ರಾನಿಗೇ ವಾಪಸ್ ಬಡಿಯುತ್ತವೆ. ಕನ್ವೆಕ್ಷನ್ ಮಾತ್ರ ಮೊದಲು ಖಾಲಿಯಾಗಿಯೇ ಬಿಸಿಯಾಗಬೇಕು, 180 ಡಿಗ್ರಿಗೆ ಸಾಮಾನ್ಯವಾಗಿ 8ರಿಂದ 12 ನಿಮಿಷ ಹಿಡಿಯುತ್ತದೆ.

ಎಡವಟ್ಟು ಆಗುವುದು ಒಂದು ಮೋಡಿನಿಂದ ಇನ್ನೊಂದಕ್ಕೆ ಹೋಗುವಾಗ. ಕೇಕ್ ಇಳಿಸಿದ ಐದು ನಿಮಿಷಕ್ಕೆ ಪ್ಲಾಸ್ಟಿಕ್ ಬಟ್ಟಲಲ್ಲಿ ಸಾರು ಬಿಸಿಗಿಟ್ಟರೆ, ಮೋಡ್ ಮೈಕ್ರೋ ಆಗಿದ್ದರೂ ಬಟ್ಟಲು ಕರಗುತ್ತದೆ. ಗೋಡೆ, ತಟ್ಟೆ, ರ‍್ಯಾಕ್ ಎಲ್ಲ ಇನ್ನೂ ಕಾದೇ ಇರುತ್ತವೆ. ಅಂಥ ಹೊತ್ತಿಗೆ ಬೋರೋಸಿಲಿಕೇಟ್ ಎಂಬ ಶಾಖ ತಡೆಯುವ ಗಾಜಿನ ಪಾತ್ರೆ ಬಳಸಿ, ಆದರೆ ಫ್ರಿಜ್ಜಿನಿಂದ ತೆಗೆದ ತಣ್ಣನೆಯದನ್ನು ಹಾಗೇ ಇಡಬೇಡಿ. ಇನ್ನೊಂದು, ಬಹಳ ಮಾಡೆಲ್‌ಗಳಲ್ಲಿ 30 ಸೆಕೆಂಡ್ ಸೇರಿಸುವ ಬಟನ್ನನ್ನು ನೇರವಾಗಿ ಒತ್ತಿದರೆ ಫುಲ್ ಪವರಿನ ಮೈಕ್ರೋವೇ ಶುರುವಾಗುತ್ತದೆ. ಒಳಗೆ ಕೇಕ್ ಟಿನ್ ಇಟ್ಟು ಆತುರದಲ್ಲಿ ಅದನ್ನೊತ್ತಿದರೆ ಕಿಡಿ ಖಾತ್ರಿ. ಸ್ಟಾರ್ಟ್ ಒತ್ತುವ ಮೊದಲು ಪ್ಯಾನೆಲ್ ಮೇಲೆ ಅಲೆಯ ಚಿತ್ರವಿದೆಯೋ ಫ್ಯಾನಿನ ಚಿತ್ರವಿದೆಯೋ ನೋಡುವುದು ರೂಢಿಯಾಗಲಿ.

ಎರಡೂ ಒಲೆ ಸೇರಿ ಉರಿಯುವ ಕಾಂಬಿ ಮೋಡಿನಲ್ಲಿ ಎರಡರ ನಿಷೇಧಗಳೂ ಒಟ್ಟಿಗೇ ಅನ್ವಯ. ಪ್ಲಾಸ್ಟಿಕ್ಕೂ ಇಲ್ಲ, ಟಿನ್ನೂ ಇಲ್ಲ, ಫಾಯಿಲ್ಲೂ ಇಲ್ಲ. ಓವನ್ ಜೊತೆ ಬಂದ ರ‍್ಯಾಕ್ ಮಾತ್ರ, ಅದೂ ಗೋಡೆಗೆ ತಗಲದಂತೆ ತಟ್ಟೆಯ ನಡುವೆ. ನಮ್ಮನ್ನು ಕೇಳಿದರೆ, ಕೈಪಿಡಿಯನ್ನು ಪೂರ್ತಿ ಓದದ ಮನೆಗಳಲ್ಲಿ ಕಾಂಬಿಯನ್ನು ಮುಟ್ಟದಿರುವುದೇ ಒಳ್ಳೆಯದು. ಹೋಂಸ್ಟೇ ನಡೆಸುವವರಂತೂ ಓವನ್ ಬಾಗಿಲ ಪಕ್ಕ ಒಂದು ಚೀಟಿ ಅಂಟಿಸಿ: ಫಾಯಿಲ್ ಡಬ್ಬ ಬೇಡ, ಸ್ಟೀಲ್ ಡಬ್ಬ ಬೇಡ, ಪಾರ್ಸೆಲ್ಲಿನ ಪಿನ್ನು ಕಿತ್ತು ಗಾಜಿನ ಬಟ್ಟಲಿಗೆ ಸುರಿಯಿರಿ. ಅತಿಥಿಗಳು ಅದನ್ನು ಓದುತ್ತಾರೆ. ಓದದವರಿಗಾಗಿ ಆ ಬಟ್ಟಲನ್ನೂ ಪಕ್ಕದಲ್ಲೇ ಇಟ್ಟಿರಿ.

ಇನ್ನು ಕರೆಂಟು. ಮೈಕ್ರೋದಲ್ಲಿ ಓವನ್ ಎಳೆಯುವುದು ಸುಮಾರು 1200ರಿಂದ 1400 ವ್ಯಾಟ್. ಕನ್ವೆಕ್ಷನ್‌ನಲ್ಲಿ ಹಲವು ಮಾಡೆಲ್‌ಗಳು 2000 ದಾಟುತ್ತವೆ. 2200 ವ್ಯಾಟ್ ಅಂದರೆ 230 ವೋಲ್ಟಿನಲ್ಲಿ ಒಂಬತ್ತೂವರೆ ಆಂಪಿಯರ್. ಮಿಕ್ಸಿಯ 6 ಆಂಪಿಯರ್ ಸಾಕೆಟ್ಟಿಗೆ ಅಡಾಪ್ಟರ್ ಹಾಕಿ ಸಿಕ್ಕಿಸಿದವರಿಗೆ ಹಾಲು ಬಿಸಿ ಮಾಡುವಾಗ ಏನೂ ಗೊತ್ತಾಗುವುದಿಲ್ಲ. 40 ನಿಮಿಷ ಕೇಕ್ ಬೇಯಿಸಿದ ದಿನ ಪ್ಲಗ್ಗಿನ ಪಿನ್ ಕಪ್ಪಾಗಿ ಸಾಕೆಟ್ ಕರಗುತ್ತದೆ. 16 ಆಂಪಿಯರಿನ ಪವರ್ ಪ್ಲಗ್, ಬೋರ್ಡಿನಿಂದ ಅದಕ್ಕೇ ಎಂದು ಎಳೆದ 2.5 ಅಥವಾ 4 ಚದರ ಮಿ.ಮೀ. ತಾಮ್ರದ ವೈರ್, ಅದಕ್ಕೆ ತಕ್ಕ ಎಂಸಿಬಿ (ಲೋಡ್ ಮೀರಿದರೆ ತಾನಾಗಿ ಆರುವ ಸ್ವಿಚ್) ಇರಲೇಬೇಕು. ಎಕ್ಸ್‌ಟೆನ್ಶನ್ ಬೋರ್ಡ್ ಬೇಡ. ಕನ್ವೆಕ್ಷನ್ 10 ನಿಮಿಷ ಓಡಿದ ಮೇಲೆ ಸ್ವಿಚ್ ಆರಿಸಿ, ಒಣಗಿದ ಕೈಯಲ್ಲಿ ಪ್ಲಗ್ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಸಾಕೆಟ್ ಬದಲಿಸಿ.

ಮರದ ಪಟ್ಟಿಯ ಹಳೇ ವೈರಿಂಗ್ ಇರುವ ಮನೆಗಳಲ್ಲಿ ಮೂರನೇ ಪಿನ್ನಿಗೆ ಅರ್ತ್ ಬಂದೇ ಇರುವುದಿಲ್ಲ. ಓವನ್ ಮೈ ಮುಟ್ಟಿದಾಗ ಜುಮ್ಮೆಂದರೆ ಅದೇ ಕಾರಣ. ‘ಮಳೆಗಾಲ ಅಲ್ವಾ, ಸ್ವಲ್ಪ ಹೊಡೆಯುತ್ತೆ’ ಅಂತ ಸುಮ್ಮನಿರುವವರಿದ್ದಾರೆ. ಸುಮ್ಮನಿರುವ ವಿಷಯವಲ್ಲ ಅದು. ಅರ್ತಿಂಗ್ ಸರಿ ಮಾಡಿಸಿ, ಬೋರ್ಡಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಆಮೇಲೇ ಓವನ್ ಬಳಸಿ.

ಆರ್‌ಸಿಸಿಬಿ ಇದ್ದವರಿಗೆ ಜುಲೈ, ಆಗಸ್ಟಿನಲ್ಲಿ ಒಂದು ವಿಚಿತ್ರ ಕಾಣುತ್ತದೆ. ಮೈಕ್ರೋ ಚೆನ್ನಾಗಿ ಓಡುತ್ತದೆ, ಕನ್ವೆಕ್ಷನ್ ಒತ್ತಿದ ಕೂಡಲೇ ಮನೆಯಿಡೀ ಕತ್ತಲು. ಹೀಟರ್ ಕಾಯಿಲ್ಲಿನ ಕೊಳವೆಯೊಳಗೆ ತುಂಬಿರುವ ಮೆಗ್ನೀಸಿಯಂ ಆಕ್ಸೈಡ್ ಪುಡಿ ತೇವ ಎಳೆದುಕೊಳ್ಳುವ ಗುಣದ್ದು. ತಿಂಗಳುಗಟ್ಟಲೆ ಕನ್ವೆಕ್ಷನ್ ಹಾಕದೆ ಬಿಟ್ಟರೆ ಕೊಡಗಿನ ಮಳೆಗಾಲದ ಗಾಳಿಯ ತೇವ ಕೊಳವೆಯ ತುದಿಯಿಂದ ಒಳಗಿಳಿಯುತ್ತದೆ, ಕರೆಂಟು ಲೋಹದ ಮೈಗೆ ಸೋರುತ್ತದೆ, ಆರ್‌ಸಿಸಿಬಿ ತನ್ನ ಕೆಲಸ ಮಾಡುತ್ತದೆ. ಆಗ ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿಸುವುದು, ಅರ್ತ್ ವೈರ್ ಬಿಚ್ಚಿಸುವುದು ಎರಡೂ ಜೀವಕ್ಕೆ ಎರವಾಗುವ ಕೆಲಸ. ಮೆಕ್ಯಾನಿಕ್ ಸೋರಿಕೆ ಪತ್ತೆಹಚ್ಚುವ 500 ವೋಲ್ಟಿನ ಮೆಗ್ಗರ್ ಮೀಟರ್ ಇಟ್ಟು ಹೀಟರನ್ನು ಅಳೆಯಲಿ. ಒಣಗಿಸಿದರೆ ಕೆಲವು ಸರಿಹೋಗುತ್ತವೆ, ಕೆಲವನ್ನು ಬದಲಿಸಬೇಕು. ಇದು ಬಾರದಂತೆ ತಡೆಯುವುದು ಸುಲಭ: ಜೂನಿನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಕನ್ವೆಕ್ಷನ್ ಮೋಡಿನಲ್ಲೇ 100 ಡಿಗ್ರಿಗೆ 10 ನಿಮಿಷ ಖಾಲಿ ಓಡಿಸಿ. ಮಳೆಗಾಲದಲ್ಲಿ ಬೀಗ ಬೀಳುವ ಹೋಂಸ್ಟೇಗಳಲ್ಲಿ ಮೇಸ್ತ್ರಿಗೋ ಕೆಲಸದವರಿಗೋ ಇದನ್ನು ಹೇಳಿಕೊಟ್ಟಿರಿ.

ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಯ ಹೊತ್ತಿನ ಸಿಡಿಲಿಗೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಕರೆಂಟು ಹೋಗಿ ಬಂದಾಗಲೂ ವೋಲ್ಟೇಜ್ ನಿಲ್ಲುವವರೆಗೆ ಐದು ನಿಮಿಷ ಕಾಯಿರಿ. ವೋಲ್ಟೇಜ್ 190ಕ್ಕೆ ಇಳಿದರೆ ಹೀಟರಿನ ಶಕ್ತಿ ಮೂರರಲ್ಲೊಂದು ಭಾಗದಷ್ಟು ಕುಗ್ಗುತ್ತದೆ, ಕೇಕ್ ಮೇಲೆ ಕೆಂಪಾಗದೆ ಒಳಗೆ ಹಸಿಯಾಗಿ ಕೂರುತ್ತದೆ. ಅದಕ್ಕೆ ಓವನ್ನನ್ನು ಬೈಯುವುದರಲ್ಲಿ ಅರ್ಥವಿಲ್ಲ. ಸ್ಟೆಬಿಲೈಸರ್ ಹಾಕುವುದಾದರೆ 4 ಕೆವಿಎ ನೋಡಿ, ಟಿವಿಯದ್ದು ಇದಕ್ಕೆ ಸಾಲದು. ಮನೆಯ ಯುಪಿಎಸ್ ಲೈನಿಗೆ ಓವನ್ ಸೇರಿಸಲೇಬೇಡಿ.

ಮೈಕ್ರೋದ ಶಕ್ತಿ ಕಡಿಮೆಯಾಗಿದೆ ಅನ್ನಿಸಿದರೆ ಅಳೆಯುವ ದಾರಿ ಇದೆ. ಗಾಜಿನ ಪಾತ್ರೆಗೆ ಸರಿಯಾಗಿ 1 ಲೀಟರ್ ನೀರು, ಥರ್ಮಾಮೀಟರಿನಲ್ಲಿ ಉಷ್ಣತೆ ಗುರುತು ಹಾಕಿಕೊಳ್ಳಿ. ಫುಲ್ ಪವರಿನಲ್ಲಿ 60 ಸೆಕೆಂಡ್. ಕಲಕಿ ಮತ್ತೆ ಅಳೆಯಿರಿ. ಏರಿದ ಡಿಗ್ರಿಯನ್ನು 70ರಿಂದ ಗುಣಿಸಿದರೆ ಹೆಚ್ಚುಕಡಿಮೆ ವ್ಯಾಟ್ ಸಿಗುತ್ತದೆ. 900 ವ್ಯಾಟಿನ ಓವನ್ 12 ಡಿಗ್ರಿಯ ಆಸುಪಾಸು ಏರಿಸಬೇಕು. ವೋಲ್ಟೇಜ್ ಸರಿಯಿದ್ದೂ 7 ಡಿಗ್ರಿ ಮಾತ್ರ ಏರಿದರೆ ಮ್ಯಾಗ್ನೆಟ್ರಾನ್ ಸೋತಿದೆ ಎನ್ನಬಹುದು.

ಇಡುವ ಜಾಗಕ್ಕೆ ಕೈಪಿಡಿ ಹೇಳಿದ ಅಂತರವೇ ಕಡೆಯ ಮಾತು. ಸಾಮಾನ್ಯವಾಗಿ ಮೇಲೆ 20 ಸೆಂ.ಮೀ., ಹಿಂದೆ 10, ಪಕ್ಕಗಳಲ್ಲಿ 5 ಸೆಂ.ಮೀ. ಬಿಡಬೇಕು. ಮರದ ಕಪಾಟಿನೊಳಗೆ ತುರುಕಿದರೆ ಬಿಸಿ ಗಾಳಿ ಹೊರಹೋಗದೆ ಒಳಗೆ ಹೆಚ್ಚು ಕಾದಾಗ ಕರೆಂಟು ಕಡಿಯುವ ಥರ್ಮಲ್ ಕಟೌಟ್ ಆಫ್ ಆಗುತ್ತದೆ, ಮರವೂ ಕರಕಾಗುತ್ತದೆ. ಅಡುಗೆ ಮುಗಿದ ಮೇಲೂ ಫ್ಯಾನ್ ಕೆಲವು ನಿಮಿಷ ಓಡುತ್ತದೆ, ಅದು ನಿಲ್ಲುವ ಮೊದಲು ಪ್ಲಗ್ ತೆಗೆಯಬೇಡಿ. ಇರುವೆ, ಜಿರಲೆ, ಹಲ್ಲಿಗೆ ಮಳೆಗಾಲದಲ್ಲಿ ಓವನ್ ಹಿಂಭಾಗ ಬೆಚ್ಚನೆಯ ಮನೆ. ಪ್ಯಾನೆಲ್ ಬೋರ್ಡಿನ ಮೇಲೆ ಅವು ಓಡಾಡಿದರೆ ಬಟನ್ ತಾನಾಗಿ ಒತ್ತಿದಂತಾಗುತ್ತದೆ. ಹಾಗೆಂದು ಗಾಳಿಕಿಂಡಿಗೆ ಸ್ಪ್ರೇ ಹೊಡೆಯಬೇಡಿ, ಅದು ಹೊತ್ತಿಕೊಳ್ಳುವ ವಸ್ತು. ಒಳಗೆ ಚೂರುಪಾರು ಬಿಡದಿದ್ದರೆ ಅರ್ಧ ಕಾಟ ತಪ್ಪುತ್ತದೆ.

ನಮ್ಮೂರ ಊಟಕ್ಕೆ ಬಂದರೆ, ಹಂದಿಮಾಂಸದ ಪಂದಿಕರಿಯೇ ಓವನ್ನಿಗೆ ದೊಡ್ಡ ಪರೀಕ್ಷೆ. ಕೊಬ್ಬು ನೀರಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ, ಹಾಗಾಗಿ ಮೈಕ್ರೋವೇವ್ ಗುರುತಿರುವ ಪ್ಲಾಸ್ಟಿಕ್ ಕೂಡ ಎಣ್ಣೆ ನಿಂತ ಅಂಚಿನಲ್ಲಿ ಗುಳಿ ಬೀಳುತ್ತದೆ. ಅಲೆಗಳು ಊಟದೊಳಗೆ ಕೆಲವೇ ಸೆಂ.ಮೀ. ಇಳಿಯುವುದು, ಉಪ್ಪು ಹೆಚ್ಚಿದ್ದಷ್ಟೂ ಇನ್ನೂ ಕಡಿಮೆ. ಅದಕ್ಕೇ ಮಸಾಲೆ ಕೊತಕೊತ ಅಂದರೂ ದಪ್ಪ ತುಂಡಿನ ನಡುಭಾಗ ತಣ್ಣಗಿರುತ್ತದೆ. ಕಾಲು ಕೆ.ಜಿ.ಗೆ ಗಾಜಿನ ಪಾತ್ರೆ, ಆವಿ ಹೋಗಲು ಸಂದಿಯಿರುವ ಮುಚ್ಚಳ, 60 ಶೇಕಡಾ ಪವರಿನಲ್ಲಿ 2 ನಿಮಿಷ, ಮಗುಚಿ ಇನ್ನೊಂದೂವರೆ ನಿಮಿಷ, 2 ನಿಮಿಷ ಹಾಗೇ ಬಿಡಿ. ತುಂಡಿನ ನಡುವೆ 75 ಡಿಗ್ರಿ ಮುಟ್ಟಬೇಕು. ಕಾಚಂಪುಳಿ ಎಂಬ ಕಪ್ಪು ಹುಳಿರಸ ಹಾಕಿದ ಕರಿಯನ್ನು ಫಾಯಿಲ್ಲಿನಲ್ಲಿ ಮುಚ್ಚಿಡುವ ರೂಢಿಯೂ ಬೇಡ, ಹುಳಿ ಅಲ್ಯೂಮಿನಿಯಂ ತಿನ್ನುತ್ತದೆ. ಅಕ್ಕಿತರಿಯ ಉಂಡೆಯಾದ ಕಡಂಬುಟ್ಟಿಗೆ ಒಂದು ಚಮಚ ನೀರು ಚಿಮುಕಿಸಿ ಮುಚ್ಚಿ, ನಾಲ್ಕು ಉಂಡೆಗೆ ಮುಕ್ಕಾಲರಿಂದ ಒಂದು ನಿಮಿಷ. ಅಕ್ಕಿ ಒಟ್ಟಿ ಎಂಬ ರೊಟ್ಟಿಗೆ ಒದ್ದೆ ಬಟ್ಟೆ ಸುತ್ತಿ 20 ಸೆಕೆಂಡ್ ಸಾಕು, ಮೀರಿದರೆ ಚರ್ಮವಾಗುತ್ತದೆ.

ನುಣುಪಾದ ಲೋಟದಲ್ಲಿ ಬರೀ ನೀರು ಕಾಯಿಸಿದರೆ ಕುದಿಬಿಂದು ದಾಟಿಯೂ ಗುಳ್ಳೆ ಏಳದಿರಬಹುದು. ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಎತ್ತರದ ಮಡಿಕೇರಿಯಲ್ಲಿ ನೀರು 96 ಡಿಗ್ರಿಯ ಹತ್ತಿರವೇ ಕುದಿಯುತ್ತದೆ, ಆದ್ದರಿಂದ ಇಲ್ಲಿ ಆ ಗಡಿ ಬೇಗ ದಾಟುತ್ತದೆ. ಕಾಫಿಪುಡಿ ಹಾಕಿದ ಕೂಡಲೇ ಮುಖಕ್ಕೆ ಚಿಮ್ಮುವುದು ಆಗ. ಮರದ ಚಮಚ ಇಟ್ಟು ಕಾಯಿಸಿ, ನಿಂತ ಮೇಲೆ ಒಂದು ನಿಮಿಷ ಬಿಟ್ಟು ತೆಗೆಯಿರಿ. ಸಿಪ್ಪೆಯಿರುವ ಮೊಟ್ಟೆಯನ್ನು, ಬೇಯಿಸಿದ್ದಾದರೂ, ಮೈಕ್ರೋಗೆ ಇಡಲೇಬಾರದು.

ಒಣಗಿಸುವ ಕೆಲಸಕ್ಕೆ ಓವನ್ ಬಳಸುವ ಚಪಲ ಕಾಫಿ ನಾಡಿನಲ್ಲಿ ಜಾಸ್ತಿ. ಮಳೆಗೆ ಒಣಗದ ಕರಿಮೆಣಸು, ಏಲಕ್ಕಿ, ಮಕ್ಕಳ ಕಾಲುಚೀಲ, ಎಲ್ಲವನ್ನೂ ಒಳಗಿಟ್ಟದ್ದು ಕಂಡಿದ್ದೇವೆ. ಮುಕ್ಕಾಲು ಒಣಗಿದ ವಸ್ತು ಮೈಕ್ರೋಗೆ ಖಾಲಿ ಪೆಟ್ಟಿಗೆಯಿದ್ದ ಹಾಗೇ. ತೇವ ಉಳಿದ ಒಂದೆರಡು ಕಡೆ ಮಾತ್ರ ಕಾದು ಅಲ್ಲೇ ಹೊತ್ತುತ್ತದೆ. ಮೆಣಸಿಗೆ ಒಲೆ ಮೇಲಿನ ಅಟ್ಟವೇ ಸರಿ. ಕಾಫಿ ಬೀಜ ಹುರಿಯುವುದು ಕನ್ವೆಕ್ಷನ್‌ನಲ್ಲೂ ಬೇಡ. ಬೀಜದಿಂದ ಉದುರುವ ಬೆಳ್ಳಿಪೊರೆಯನ್ನು ಫ್ಯಾನ್ ಹೀಟರಿನ ಕಡೆಗೇ ಎಳೆಯುತ್ತದೆ, ಹೊಗೆ ನಿಲ್ಲದು, ಬೀಜವೂ ಒಂದು ಕಡೆ ಕರಕಲು, ಒಂದು ಕಡೆ ಹಸಿ.

ಒಳಗೋಡೆಯಲ್ಲಿ, ಹೆಚ್ಚಾಗಿ ಬಲಕ್ಕೆ, ರಟ್ಟಿನಂತೆ ಕಾಣುವ ಹಾಳೆ ಇದೆಯಲ್ಲ, ಅದು ಮೈಕಾ. ಅಲೆ ಬರುವ ದಾರಿಯ ಮುಚ್ಚಳ. ಅದರ ಮೇಲೆ ಜಿಡ್ಡು ಕೂತು ಕರಕಾದರೆ ಅಲ್ಲಿಂದಲೇ ಕಿಡಿ ಶುರು. ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಕಿತ್ತು ತೊಳೆಯಬೇಡಿ. ತೂತು ಬಿದ್ದರೆ ಬದಲಿಸುವವರೆಗೆ ಮೈಕ್ರೋ ನಿಲ್ಲಿಸಿ. ಕಡಿಮೆ ಖರ್ಚಿನ ಈ ಹಾಳೆಯನ್ನು ಕಡೆಗಣಿಸಿ ಮ್ಯಾಗ್ನೆಟ್ರಾನಿಗೆ ದುಡ್ಡು ಕೊಡುವವರೇ ಹೆಚ್ಚು. ಉಳಿದ ಗೋಡೆಗೆ, ಬಟ್ಟಲು ನೀರಿಗೆ ನಿಂಬೆ ಹಿಂಡಿ ಮರದ ಚಮಚ ಇಟ್ಟು 3 ನಿಮಿಷ ಕಾಯಿಸಿ, 5 ನಿಮಿಷ ಬಾಗಿಲು ಮುಚ್ಚಿಟ್ಟು ಒರೆಸಿದರೆ ಆಯಿತು. ಸ್ಟೀಲ್ ಉಜ್ಜು ಬೇಡ.

ಬಾಗಿಲಿನ ಕೊಂಡಿ ಸೇರುವ ಕಡೆ ಸಾಮಾನ್ಯವಾಗಿ ಮೂರು ಸಣ್ಣ ಸ್ವಿಚ್ಚುಗಳಿವೆ. ಬಾಗಿಲು ತೆಗೆದಾಗ ಮೊದಲಿನವು ಕೈಕೊಟ್ಟರೆ ಮೂರನೆಯದು ಬೇಕಂತಲೇ ಶಾರ್ಟ್ ಮಾಡಿ ಫ್ಯೂಸ್ ಸುಡುತ್ತದೆ. ಅಂದರೆ ಆ ಫ್ಯೂಸ್ ಹೋದದ್ದು ಒಂದು ಎಚ್ಚರಿಕೆ. ಅಲ್ಲಿ ತಂತಿ ಸುತ್ತಿಕೊಡುವ ಮೆಕ್ಯಾನಿಕ್ಕನ್ನು ಮತ್ತೆ ಕರೆಯಬೇಡಿ. ಬಾಗಿಲು ಜೋತು ಬಿದ್ದಿದ್ದರೆ, ಅಂಚಿನ ಪಟ್ಟಿ ಒಡೆದಿದ್ದರೆ, ಅಲೆ ಸೋರುವಿಕೆಯನ್ನು ಮೀಟರಿನಲ್ಲೇ ಅಳೆಸಬೇಕು: 5 ಸೆಂ.ಮೀ. ದೂರದಲ್ಲಿ ಚದರ ಸೆಂ.ಮೀ.ಗೆ 5 ಮಿಲಿವ್ಯಾಟ್ ಮೀರಬಾರದು. ಮೊಬೈಲ್ ಒಳಗಿಟ್ಟು ರಿಂಗ್ ಆಗುತ್ತಾ ನೋಡುವುದು ಪರೀಕ್ಷೆಯೇ ಅಲ್ಲ. ಹೊರಗಿನ ತಗಡನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ, ಬಲ್ಬು ಹಾಕಲಿಕ್ಕೂ ಬೇಡ. ಒಳಗೆ ಸಾವಿರಾರು ವೋಲ್ಟಿನ ಕೆಪಾಸಿಟರ್ ಇದೆ, ಪ್ಲಗ್ ಕಿತ್ತ ಮೇಲೂ ಅದರಲ್ಲಿ ಜೀವ ತೆಗೆಯುವಷ್ಟು ಕರೆಂಟು ಉಳಿದಿರಬಹುದು.

ಒಳಗೆ ಬೆಂಕಿ ಕಂಡರೆ ಬಾಗಿಲು ತೆಗೆಯಬೇಡಿ, ಗಾಳಿ ಸಿಕ್ಕರೆ ಅದು ಹೊರಗೆ ನಾಲಗೆ ಚಾಚುತ್ತದೆ. ಸ್ಟಾಪ್ ಒತ್ತಿ, ಗೋಡೆಯ ಸ್ವಿಚ್ ಆರಿಸಿ, ಪೂರ್ತಿ ಆರುವವರೆಗೆ ಹಾಗೇ ಬಿಡಿ. ಫ್ಯಾನ್ ನಿಲ್ಲುವವರೆಗೆ ಕಾಯಬೇಕೆಂಬ ನಿಯಮ ಆಗ ಲೆಕ್ಕಕ್ಕಿಲ್ಲ.

ಸರ್ವಿಸಿಗೆ ಫೋನ್ ಮಾಡುವಾಗ ‘ಓವನ್ ಕೆಟ್ಟಿದೆ’ ಎಂದರೆ ಬರುವವರು ಏನೂ ತರಲಾರರು. ಮಾಡೆಲ್ ನಂಬರ್, ಯಾವ ಮೋಡಿನಲ್ಲಿ ತೊಂದರೆ, ಆ ಹೊತ್ತಿಗೆ ವೋಲ್ಟೇಜ್ ಎಷ್ಟಿತ್ತು, ಟ್ರಿಪ್ ಆದದ್ದು ಎಂಸಿಬಿಯೋ ಆರ್‌ಸಿಸಿಬಿಯೋ, ಇಷ್ಟು ಹೇಳಿ. ಹೀಟರ್ ತರಬೇಕೋ ಡೋರ್ ಸ್ವಿಚ್ ತರಬೇಕೋ ಅಂತ ಹೊರಡುವ ಮೊದಲೇ ಗೊತ್ತಾದರೆ, ನಾಪೋಕ್ಲುವಿನ ತೋಟದ ಮನೆಗೆ ಎರಡು ಸಲ ಬರುವ ಖರ್ಚು ನಿಮಗೆ ಉಳಿಯುತ್ತದೆ.